ಗೋಥ್ ಎಂದರೆ ಕಪ್ಪು ಬಟ್ಟೆಯಷ್ಟೇ ಅಲ್ಲ

2022ರ ನವೆಂಬರಿನಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದ ‘ವೆಡ್ನೆಸ್‌ಡೇ’ ಸರಣಿಯ ಒಂದು ಕುಣಿತ ಕೆಲವೇ ವಾರಗಳಲ್ಲಿ ಎಲ್ಲರ ಮೊಬೈಲಿಗೂ ಹೊಕ್ಕಿತು. ಸರಣಿಯಲ್ಲಿ ಆ ಕುಣಿತಕ್ಕೆ ಇದ್ದದ್ದು ಅಮೆರಿಕದ ದ ಕ್ರ್ಯಾಂಪ್ಸ್ ತಂಡ 1981ರಲ್ಲಿ ಹಾಡಿದ ‘ಗೂ ಗೂ ಮಕ್’. ರೀಲ್ಸ್ ಮಾಡಿದವರು ಅದನ್ನು ಕಿತ್ತುಹಾಕಿ ಲೇಡಿ ಗಾಗಾ ಅವರ ‘ಬ್ಲಡಿ ಮೇರಿ’ ಅಂಟಿಸಿದರು. ಕುಣಿದ ನಟಿ ಜೆನ್ನಾ ಒರ್ಟೆಗಾ ತಮ್ಮ ಹೆಜ್ಜೆಗಳಿಗೆ ಪ್ರೇರಣೆ ಕೊಟ್ಟವರನ್ನು ಹೆಸರಿಸಿದಾಗ ಆ ಪಟ್ಟಿಯಲ್ಲಿ ಗಾಯಕಿ ಸೂಸಿ ಸೂ ಇದ್ದರು, 80ರ ದಶಕದ ಕ್ಲಬ್ಬುಗಳಲ್ಲಿ ಗೋಥ್ ಹುಡುಗ ಹುಡುಗಿಯರು ಕುಣಿಯುತ್ತಿದ್ದ ಹಳೆಯ ವಿಡಿಯೊಗಳೂ ಇದ್ದವು. ಕುಣಿತ ಉಳಿಯಿತು, ಅದು ಹುಟ್ಟಿದ ಸಂಗೀತ ಮಾತ್ರ ದಾರಿಯಲ್ಲಿ ಕಳಚಿಬಿತ್ತು. ಇಂಗ್ಲೆಂಡಿನಲ್ಲಿ ಪಂಕ್ ಸಂಗೀತದ ಬೆನ್ನಿಗೆ ಹುಟ್ಟಿ, ಮಬ್ಬು ನಾದ, ಕಪ್ಪು ಉಡುಪುಗಳ ಸುತ್ತ ಬೆಳೆದ ಗೋಥ್ ಉಪಸಂಸ್ಕೃತಿಯ ಕುರಿತು ಈಗ ಆನ್‌ಲೈನಿನಲ್ಲಿ ನಡೆಯುತ್ತಿರುವ ಜಗಳದ ತಿರುಳು ಇಷ್ಟೇ.

ಹಳಬರ ವಾದ ಹೀಗೆ: ಗೋಥ್ ಮೊದಲಿಗೆ ಒಂದು ಸಂಗೀತ, ಉಡುಪು ಆಮೇಲಿನದು, ಹಾಡೇ ಕೇಳದವರನ್ನು ಗೋಥ್ ಎನ್ನಲಾಗದು. ಟಿಕ್‌ಟಾಕ್, ಇನ್‌ಸ್ಟಾಗ್ರಾಂ ಮೂಲಕ ಬಂದ ಹೊಸಬರ ಉತ್ತರ: ನಾವು ಏನೆಂದು ಕರೆದುಕೊಳ್ಳಬೇಕೆನ್ನುವುದಕ್ಕೆ ನಿಮ್ಮ ಅಪ್ಪಣೆ ಏಕೆ? ನಮ್ಮ ಮಟ್ಟಿಗೆ ಹಳಬರ ಮಾತು ಸರಿ, ಹೇಳುವ ಧಾಟಿ ಸರಿಯಿಲ್ಲ. ಬಟ್ಟೆ ನೋಡಿ ಮರುಳಾಗಿ ಬರುವುದರಲ್ಲಿ ತಪ್ಪೇನೂ ಇಲ್ಲ. ಪತ್ರಿಕೆಯಲ್ಲಿ ಯಾರದೋ ಕೂದಲು ನೋಡಿ ಕ್ಯಾಸೆಟ್ ಹುಡುಕಿಕೊಂಡು ಹೋದವರು 80ರ ದಶಕದಲ್ಲೂ ಇದ್ದರು. ಆದರೆ ಹೊಸ್ತಿಲಲ್ಲೇ ನಿಂತು ಮನೆಯೆಲ್ಲ ನೋಡಿದೆ ಎನ್ನುವಂತಾಗಬಾರದು.

ಕಿವಿಯಿಂದ ಗುರುತಿಸುವುದು

ಇಂಗ್ಲೆಂಡಿನಲ್ಲಿ ಪಂಕ್ ರಾಕ್ ಸಂಗೀತದ ಅಬ್ಬರ 1978ರ ಹೊತ್ತಿಗೆ ಇಳಿಯತೊಡಗಿತ್ತು. ಗಿಟಾರ್ ಬಡಿದು ವ್ಯವಸ್ಥೆಯನ್ನು ಬೈಯುವುದು ಸಾಕೆನಿಸಿದ ಕೆಲವು ತಂಡಗಳು ಅದೇ ಪಳಗದ ಕೈಯಲ್ಲಿ ನಿಧಾನದ, ಖಾಲಿ ಜಾಗ ಬಿಟ್ಟುಕೊಂಡ, ಮಬ್ಬಾದ ನಾದವೊಂದನ್ನು ಹುಡುಕಿದವು. ನಾರ್ಥಾಂಪ್ಟನ್ನಿನ ಬೌಹೌಸ್ ತಂಡ, ಕಟ್ಟಿದ ಕೆಲವೇ ವಾರಗಳಲ್ಲಿ, 1979ರ ಜನವರಿಯಲ್ಲಿ, ವೆಲ್ಲಿಂಗ್‌ಬರೋ ಊರಿನ ಸಣ್ಣ ಸ್ಟುಡಿಯೊದಲ್ಲಿ ‘ಬೆಲಾ ಲುಗೋಸೀಸ್ ಡೆಡ್’ ಧ್ವನಿಮುದ್ರಿಸಿತು. ಆಗಸ್ಟಿನಲ್ಲಿ ಅದು ಹೊರಬಂತು. ಒಂಬತ್ತು ನಿಮಿಷ ಮೀರುವ ಈ ಹಾಡನ್ನು ಹೆಡ್‌ಫೋನ್ ಹಾಕಿಕೊಂಡು ಒಮ್ಮೆ ಕೇಳಿ. ಮೊದಲು ಡ್ರಮ್ಮಿನ ಅಂಚಿಗೆ ಕಡ್ಡಿ ತಾಗುವ ಟಕ್ ಟಕ್, ಎಕೋ ಹಚ್ಚಿ ಅದನ್ನು ದೂರ ದೂರಕ್ಕೆ ಎಳೆದಿದ್ದಾರೆ. ಆಮೇಲೆ ಮೆಲ್ಲಗೆ ಕೆಳಕ್ಕಿಳಿಯುವ ಬೇಸ್. ಅದರ ಮೇಲೆ ಗಿಟಾರಿನ ಕೆರೆತ. ಗಾಯಕ ಪೀಟರ್ ಮರ್ಫಿ ಬಾಯಿ ತೆರೆಯುವ ಹೊತ್ತಿಗೆ ಹೆಚ್ಚುಕಡಿಮೆ ಮೂರು ನಿಮಿಷ ಕಳೆದಿರುತ್ತದೆ. ಕೇಳುಗರನ್ನು ಇಷ್ಟು ಹೊತ್ತು ಕಾಯಿಸುವ ಧೈರ್ಯ ಮೂವತ್ತು ಸೆಕೆಂಡಿನ ರೀಲ್‌ಗೆ ಎಲ್ಲಿಂದ ಬರಬೇಕು?

ಹಾಡೊಂದು ಗೋಥ್ ಹೌದೋ ಅಲ್ಲವೋ ಎಂದು ನೋಡಲು ಮೊದಲು ಬೇಸ್ ಗಿಟಾರಿಗೆ ಕಿವಿ ಕೊಡಿ. ಸಾಮಾನ್ಯ ರಾಕ್ ಹಾಡಿನಲ್ಲಿ ಬೇಸ್ ಹಿಂದೆ ನಿಂತು ತಾಳ ಹಿಡಿದಿರುತ್ತದೆ. ಇಲ್ಲಿ ಎಷ್ಟೋ ಸಲ ರಾಗ ನಡೆಸುವುದೇ ಅದು. ಇದರ ಹಿಂದೆ ಮ್ಯಾಂಚೆಸ್ಟರಿನ ಜಾಯ್ ಡಿವಿಷನ್ ತಂಡದ ಪ್ರಭಾವವಿದೆ. ಆ ತಂಡದ ಬೇಸ್ ವಾದಕ ಪೀಟರ್ ಹುಕ್ ಅವರ ಆಂಪ್ಲಿಫೈಯರ್ ಕಳಪೆಯಾಗಿತ್ತು. ಕೆಳಗಿನ ಸ್ವರ ನುಡಿಸಿದರೆ ಗಿಟಾರಿನ ಗದ್ದಲದಲ್ಲಿ ತಮ್ಮದು ತಮಗೇ ಕೇಳುತ್ತಿರಲಿಲ್ಲ, ಅದಕ್ಕೇ ಮೇಲಿನ ಸ್ವರಗಳಿಗೆ ಹೋದರು. ಗಿಟಾರಿನಲ್ಲಿ ದಪ್ಪನೆಯ ರಿಫ್ ಬದಲು ತಂತಿಗಳನ್ನು ಒಂದೊಂದಾಗಿ ಬಿಡಿಸಿ ನುಡಿಸುತ್ತಾರೆ, ಕೋರಸ್, ಫ್ಲ್ಯಾಂಜರ್, ಡಿಲೇ ಎಂಬ, ಕಾಲಿನಿಂದ ಒತ್ತಿ ನಾದ ಬದಲಿಸುವ ಪೆಡಲ್‌ಗಳಿಂದ ಆ ನಾದವನ್ನು ನೀರಾಗಿಸುತ್ತಾರೆ. ಸೂಸಿ ಆ್ಯಂಡ್ ದ ಬ್ಯಾನ್ಶೀಸ್ ತಂಡದ 1981ರ ‘ಜುಜು’ ಆಲ್ಬಮಿನಲ್ಲಿ ಜಾನ್ ಮೆಗಿಯಾಕ್ ನುಡಿಸಿದ ಗಿಟಾರ್ ಇದಕ್ಕೆ ಒಳ್ಳೆಯ ಪಾಠ. ಡ್ರಮ್ಮಿನಲ್ಲಿ ಸಿಂಬಲ್ ತಟ್ಟೆಗಳಿಗಿಂತ ಟಾಮ್ ಎಂಬ ದಪ್ಪ ದನಿಯ ಡ್ರಮ್‌ಗಳ ಗುಡುಗು ಜಾಸ್ತಿ.

ಕೆಲವರಿಗೆ ಡ್ರಮ್ಮರೇ ಬೇಕಿರಲಿಲ್ಲ. ಲೀಡ್ಸ್‌ನಲ್ಲಿ 1980ರಲ್ಲಿ ಶುರುವಾದ ದ ಸಿಸ್ಟರ್ಸ್ ಆಫ್ ಮರ್ಸಿ ತಂಡ ಬಾಸ್ ಕಂಪನಿಯ ಡಿಆರ್-55 ಎಂಬ ಪುಟ್ಟ ಡ್ರಮ್ ಮೆಷಿನ್ ಇಟ್ಟುಕೊಂಡು ಅದಕ್ಕೆ ‘ಡಾಕ್ಟರ್ ಅವಲಾಂಚ್’ ಎಂದು ಹೆಸರಿಟ್ಟಿತು. ಗಿಟಾರಿಸ್ಟರು ಬಂದರು, ಜಗಳವಾಡಿದರು, ಹೋದರು. ಡಾಕ್ಟರ್ ಮಾತ್ರ ಯಂತ್ರ ಬದಲಿಸಿಕೊಂಡು ಇಂದಿಗೂ ತಂಡದಲ್ಲಿದ್ದಾರೆ.

ಬೆಂಗಳೂರಿನವರಿಗೆ ಇಲ್ಲೊಂದು ಗೊಂದಲ ಕಾದಿರುತ್ತದೆ. ಅರಮನೆ ಮೈದಾನದಲ್ಲಿ 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ನುಡಿಸಿದ ಊರು ಇದು. ಕಪ್ಪು ಟೀ ಶರ್ಟ್ ಕಂಡರೆ ನಮಗೆ ಮೊದಲು ನೆನಪಾಗುವುದು ಹೆವಿ ಮೆಟಲ್ ಸಂಗೀತ. ಗಿಟಾರಿನಲ್ಲಿ ಡಿಸ್ಟಾರ್ಶನ್ ತುಂಬಿ, ಡಬಲ್ ಬೇಸ್ ಡ್ರಮ್ ಓಡುತ್ತಾ, ಗಾಯಕ ಗರ್ಜಿಸುತ್ತಿದ್ದರೆ ಅದು ಮೆಟಲ್, ಸಾಹಿತ್ಯದಲ್ಲಿ ಎಷ್ಟೇ ಸಮಾಧಿಗಳಿರಲಿ. ಇಂಗ್ಲೆಂಡಿನ ಪ್ಯಾರಡೈಸ್ ಲಾಸ್ಟ್ ತಂಡದ ‘ಗೋಥಿಕ್’ (1991) ಆಲ್ಬಮಿನಿಂದ ಬಲವಾಗಿ ಬೆಳೆದ ಗೋಥಿಕ್ ಮೆಟಲ್ ಕೂಡ ಮೆಟಲ್‌ನ ಕೊಂಬೆಯೇ. ಮ್ಯಾರಿಲಿನ್ ಮ್ಯಾನ್ಸನ್, ಎವನೆಸೆನ್ಸ್ ಎಂಬ ಅಮೆರಿಕದ ತಂಡಗಳೆರಡೂ ಗೋಥ್ ಅಲ್ಲ ಎಂದರೆ ಹೊಸಬರಿಗೆ ಬೇಸರವಾಗುತ್ತದೆ. ಅವನ್ನು ಕೇಳಬಾರದೆಂದು ಯಾರೂ ಹೇಳಿಲ್ಲ, ಅವುಗಳ ವಂಶ ಬೇರೆ, ಅಷ್ಟೆ.

ಕೇಳಲು ಶುರುಮಾಡುವವರಿಗೆ ನಮ್ಮ ಸಲಹೆ: ಮೊದಲು ‘ಜುಜು’, ಏಕೆಂದರೆ ಅದರಲ್ಲಿ ಹಾಡುಗಳು ಹಾಡಾಗಿಯೇ ಸಿಗುತ್ತವೆ. ಆಮೇಲೆ ದ ಕ್ಯೂರ್ ತಂಡದ ‘ಫೇತ್’ (1981), ನಂತರವೇ ಅದಕ್ಕಿಂತ ಕಠಿಣವಾದ ‘ಪೋರ್ನೋಗ್ರಫಿ’ (1982). ಸಿಸ್ಟರ್ಸ್‌ನ ‘ಫಸ್ಟ್ ಆ್ಯಂಡ್ ಲಾಸ್ಟ್ ಆ್ಯಂಡ್ ಆಲ್ವೇಸ್’ (1985). ಡೆತ್‌ರಾಕ್ ಎಂಬ ಅಮೆರಿಕದ ಗೋಥ್ ಕವಲಿಗೆ ಲಾಸ್ ಏಂಜಲೀಸಿನ ಕ್ರಿಶ್ಚಿಯನ್ ಡೆತ್ ತಂಡದ 1982ರ ‘ಓನ್ಲಿ ಥಿಯೇಟರ್ ಆಫ್ ಪೇನ್’. ಇವನ್ನು ಶಫಲ್ ಹಾಕಿ ಕೇಳಿದರೆ ಅರ್ಧ ಹಾಳು. ಆಲ್ಬಮ್ ಪೂರ್ತಿ, ಇರುವ ಕ್ರಮದಲ್ಲೇ ಕೇಳಬೇಕು. ಇದು ಇಂಗ್ಲಿಷಿನ ಸೊತ್ತೂ ಅಲ್ಲ. ಟರ್ಕಿಯ ಶಿ ಪಾಸ್ಟ್ ಅವೇ ತಂಡ ಟರ್ಕಿಶ್ ಭಾಷೆಯಲ್ಲೇ ಹಾಡುತ್ತದೆ. ಬೆಲಾರೂಸಿನ ಮೋಲ್ಚಾತ್ ದೋಮಾ ತಂಡದ ರಷ್ಯನ್ ಹಾಡು 2020ರಲ್ಲಿ ಟಿಕ್‌ಟಾಕ್‌ನಲ್ಲೇ ಹರಡಿತು. ಅಲ್ಗಾರಿದಂ ಅನ್ನು ಬರೀ ಬೈದು ಪ್ರಯೋಜನವಿಲ್ಲ ಎನ್ನುವುದಕ್ಕೆ ಇದೂ ಒಂದು ಕಾರಣ.

ಜನ ಸೇರುವ ಜಾಗ

ಹಾಡು ಕೇಳುವುದು ಒಬ್ಬೊಬ್ಬರೇ ಮಾಡುವ ಕೆಲಸ. ಅದು ಉಪಸಂಸ್ಕೃತಿಯಾಗುವುದು ಜನ ಒಂದೆಡೆ ಸೇರಿದಾಗ. ಲಂಡನ್ನಿನ ಸೋಹೋದಲ್ಲಿ 1982ರ ಜುಲೈಯಲ್ಲಿ ಶುರುವಾದ ಬ್ಯಾಟ್‌ಕೇವ್ ಕ್ಲಬ್ ನಡೆದದ್ದು ಮೂರೇ ವರ್ಷ, ಆದರೆ ಇಂದು ನಾವು ಗೋಥ್ ಎಂದು ಗುರುತಿಸುವ ಹರಿದ ಬಲೆಬಟ್ಟೆ, ಕೆದರಿ ನಿಲ್ಲಿಸಿದ ಕೂದಲು, ಕಪ್ಪು ಕಣ್ಣಿನ ರೂಪ ಗಟ್ಟಿಯಾದದ್ದು ಬಹುಮಟ್ಟಿಗೆ ಅಲ್ಲಿಯೇ. ಅದನ್ನು ನಡೆಸಿದವರಲ್ಲಿ ಮುಖ್ಯರಾದ ಆಲಿ ವಿಸ್ಡಂ ಸ್ಪೆಸಿಮೆನ್ ತಂಡದ ಗಾಯಕ. ಮುಂದೆ ಅವರು ಗೋವಾದ ಟ್ರಾನ್ಸ್ ಎಂಬ ಎಲೆಕ್ಟ್ರಾನಿಕ್ ಕುಣಿತದ ಸಂಗೀತದ ಸೆಳೆತಕ್ಕೆ ಸಿಕ್ಕಿ ‘ಸ್ಪೇಸ್ ಟ್ರೈಬ್’ ಹೆಸರಿನಲ್ಲಿ ಕಣ್ಣು ಕುಕ್ಕುವ ಬಣ್ಣಗಳ ಲೋಕಕ್ಕೆ ಹೋದರು. ಗೋಥ್ ಚರಿತ್ರೆಗೆ ಭಾರತದ ನಂಟು ಹುಡುಕುವವರಿಗೆ ಇದಕ್ಕಿಂತ ತಮಾಷೆಯ ಕೊಂಡಿ ಸಿಗಲಿಕ್ಕಿಲ್ಲ.

ಜರ್ಮನಿಯ ಕಥೆ ಇನ್ನೂ ಗಂಭೀರ. ಪೂರ್ವ ಜರ್ಮನಿಯಲ್ಲಿ ಈ ಹುಡುಗರನ್ನು ‘ಗ್ರುಫ್ಟಿ’ಗಳೆಂದು ಕರೆಯುತ್ತಿದ್ದರು, ಗುಪ್ತ ಪೊಲೀಸ್ ಸಂಸ್ಥೆ ಸ್ಟಾಸಿ ಅವರ ಮೇಲೆ ಕಣ್ಣಿಟ್ಟು ಕಡತ ಮಾಡಿತ್ತು. ಬರ್ಲಿನ್ ಗೋಡೆ ಬಿದ್ದ ಮೇಲೆ, 1992ರಲ್ಲಿ, ಅದೇ ಪೂರ್ವ ಭಾಗದ ಲೈಪ್‌ಜಿಗ್ ನಗರದಲ್ಲಿ ವೇವ್ ಗೋಟಿಕ್ ಟ್ರೆಫೆನ್ ಹಬ್ಬ ಶುರುವಾಯಿತು. ಈಗ ಪ್ರತಿ ವರ್ಷ ಕ್ರೈಸ್ತರ ಪೆಂಟೆಕಾಸ್ಟ್ ಹಬ್ಬದ ವಾರಾಂತ್ಯದಲ್ಲಿ ಸುಮಾರು 20,000 ಜನ ಸೇರುತ್ತಾರೆ. ಒಂದು ಮೈದಾನದೊಳಗೆ ಬೇಲಿ ಹಾಕಿ ನಡೆಸುವ ಹಬ್ಬವಲ್ಲ ಇದು. ಊರಿನ ಹತ್ತಾರು ಸಭಾಂಗಣ, ಚರ್ಚು, ಉದ್ಯಾನಗಳಲ್ಲಿ ಹರಡಿಕೊಳ್ಳುತ್ತದೆ, ಹಬ್ಬದ ಟಿಕೆಟ್ಟಿನಲ್ಲೇ ಟ್ರಾಮ್ ಪ್ರಯಾಣವೂ ಸೇರಿರುತ್ತದೆ. ಯುರೋಪಿನಲ್ಲಿರುವ ಕನ್ನಡಿಗರು ಹೋಗುವುದಾದರೆ ವಸತಿಯನ್ನು ತಿಂಗಳುಗಟ್ಟಲೆ ಮೊದಲೇ ಕಾದಿರಿಸಬೇಕು.

ಇಂಗ್ಲೆಂಡಿನ ವಿಟ್ಬಿ ಇನ್ನೊಂದು ಬಗೆಯ ಪಾಠ. ಬ್ರಾಮ್ ಸ್ಟೋಕರ್‌ನ ‘ಡ್ರಾಕುಲಾ’ (1897) ಕಾದಂಬರಿಯಲ್ಲಿ ಬರುವ ಈ ಕಡಲೂರಿನಲ್ಲಿ 1994ರಿಂದ ಗೋಥ್ ವಾರಾಂತ್ಯ ನಡೆಯುತ್ತಿದೆ. ಕಾಲಕ್ರಮದಲ್ಲಿ ಹಾಡು ಕೇಳಲು ಬರುವವರಿಗಿಂತ ವೇಷ ಹಾಕಿ ಫೋಟೊ ತೆಗೆಸಿಕೊಳ್ಳಲು ಬರುವವರು, ಅವರ ಬೆನ್ನಿಗೆ ಕ್ಯಾಮೆರಾ ಹಿಡಿದವರು ಹೆಚ್ಚಾದರು. 199 ಮೆಟ್ಟಿಲು ಹತ್ತಿದರೆ ಸಿಗುವ ಸೇಂಟ್ ಮೇರಿ ಚರ್ಚಿನ ಸಮಾಧಿಗಳ ಮೇಲೆ ಮಲಗಿ ಪೋಸು ಕೊಡುವುದಕ್ಕೆ ಊರವರು ಆಕ್ಷೇಪ ಎತ್ತಿದರು. ಹಳೆಯ ಗೋಥ್‌ಗಳೂ ಊರವರ ಪರವೇ ನಿಂತರು. ಸಾವಿನ ಬಗ್ಗೆ ಕುತೂಹಲ ಇರುವುದು ಬೇರೆ, ಇನ್ನೊಬ್ಬರ ಸಮಾಧಿಯನ್ನು ಸೋಫಾ ಮಾಡಿಕೊಳ್ಳುವುದು ಬೇರೆ.

ಇಂಗ್ಲೆಂಡಿನ ಗೋಥ್‌ಗಳನ್ನು ಹತ್ತಿರದಿಂದ ಅಧ್ಯಯನ ಮಾಡಿದ ಸಮಾಜಶಾಸ್ತ್ರಜ್ಞ ಪಾಲ್ ಹಾಡ್ಕಿನ್ಸನ್, ಉಪಸಂಸ್ಕೃತಿಗೆ ತೂಕ ಬರುವುದು ಹೇಗೆಂದು ವಿವರಿಸುತ್ತಾ ಉಡುಪಿನ ಜೊತೆಗೆ ಪರಸ್ಪರ ‘ನಮ್ಮವರು’ ಎಂಬ ಭಾವನೆ, ವರ್ಷಗಟ್ಟಲೆ ಉಳಿಯುವ ನಿಷ್ಠೆ, ತಮ್ಮದೇ ಚಿಕ್ಕ ಆರ್ಥಿಕತೆ ಇವನ್ನು ಎತ್ತಿ ಹೇಳಿದ್ದಾರೆ. ಕೊನೆಯದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಗೋಥ್ ಬಟ್ಟೆ ಹೊಲಿದವರು, ಪತ್ರಿಕೆ ನಕಲು ಮಾಡಿ ಹಂಚಿದವರು, ಡಿಜೆ ಮಾಡಿದವರು, ಬಾಗಿಲಲ್ಲಿ ಟಿಕೆಟ್ ಹರಿದವರು ಬಹುಪಾಲು ಗೋಥ್‌ಗಳೇ. ಈಗ ಬಟ್ಟೆ ಬರುವುದು ಫಾಸ್ಟ್ ಫ್ಯಾಷನ್ ಆ್ಯಪಿನಿಂದ, ಹಾಡು ಸ್ಟ್ರೀಮಿಂಗಿನಿಂದ, ಮೆಚ್ಚುಗೆ ಕಾಮೆಂಟಿನಿಂದ. ಎಲ್ಲ ಕೊಂಡದ್ದೇ. ಪೆಟ್ಟು ಬಿದ್ದಿರುವುದು ಇಲ್ಲಿ, ಹದಿನೇಳರ ಹುಡುಗಿ ಕಪ್ಪು ಲಿಪ್‌ಸ್ಟಿಕ್ ಹಚ್ಚಿದ್ದರಿಂದಲ್ಲ.

ಕಪ್ಪಿನ ಕೆಲಸ

ಕೈಯಾರೆ ಮಾಡುವುದೂ ಈ ಸಂಸ್ಕೃತಿಯ ಭಾಗವಾದ್ದರಿಂದ ಒಂದೆರಡು ಕೆಲಸ ವಿವರವಾಗಿ ನೋಡೋಣ.

ಹಳೆಯ ಹತ್ತಿ ಬಟ್ಟೆಗೆ ಕಪ್ಪು ಹಾಕಲು, ನೂಲಿನೊಂದಿಗೆ ರಾಸಾಯನಿಕವಾಗಿ ಬೆಸೆದುಕೊಳ್ಳುವ ರಿಯಾಕ್ಟಿವ್ ಬಣ್ಣ ಬೇಕು. ಬೇರೆ ಬಣ್ಣಕ್ಕೆ ಸಾಲುವ ಪುಡಿ ಕಪ್ಪಿಗೆ ಸಾಲುವುದಿಲ್ಲ. ಒಣ ಬಟ್ಟೆ 1 ಕೆಜಿ ಇದ್ದರೆ 60ರಿಂದ 80 ಗ್ರಾಂ ಪುಡಿ ಹಿಡಿಯಬೇಕು, ಕಡಿಮೆಯಾದರೆ ಒಗೆದ ಮೇಲೆ ಬೂದಿಯೋ ಹಸಿರು ಛಾಯೆಯೋ ಎದ್ದುಬರುತ್ತದೆ. ಸುಮಾರು 20 ಲೀಟರ್ ಉಗುರುಬೆಚ್ಚಗಿನ ನೀರು, ಮುಕ್ಕಾಲರಿಂದ 1 ಕೆಜಿ ಕಲ್ಲುಪ್ಪು. ಇದರಲ್ಲಿ ಪುಡಿ ಕರಗಿಸಿ ಬಟ್ಟೆ ಹಾಕಿ ಇಪ್ಪತ್ತು ನಿಮಿಷ ಬಿಡದೆ ತಿರುವಿದ ಮೇಲೆ 150ರಿಂದ 200 ಗ್ರಾಂ ಸೋಡಾ ಆ್ಯಶ್ (ಸೋಡಿಯಂ ಕಾರ್ಬೊನೇಟ್) ಅನ್ನು ಬೇರೆ ನೀರಿನಲ್ಲಿ ಕರಗಿಸಿ, ಬಟ್ಟೆಯ ಮೇಲೆ ನೇರ ಬೀಳದಂತೆ ಸೇರಿಸಿ, ಇನ್ನೊಂದು ಗಂಟೆ ಆಗಾಗ ತಿರುವುತ್ತಿರಬೇಕು. ಸೋಡಾ ಆ್ಯಶ್ ಇಲ್ಲವೆಂದು ಅಡುಗೆ ಸೋಡಾ ಹಾಕಿದರೆ ಬಣ್ಣ ನೂಲಿಗೆ ಸರಿಯಾಗಿ ಕಚ್ಚುವುದಿಲ್ಲ, ಮೊದಲ ಒಗೆತದಲ್ಲೇ ಹರಿದುಹೋಗುತ್ತದೆ. ಪಾಲಿಯೆಸ್ಟರ್ ಬಟ್ಟೆ ಈ ಬಣ್ಣ ಹಿಡಿಯುವುದೇ ಇಲ್ಲ. ಹತ್ತಿ ಅಂಗಿಯ ಹೊಲಿಗೆ ದಾರ ಪಾಲಿಯೆಸ್ಟರ್ ಆಗಿದ್ದರೆ ಕಪ್ಪು ಅಂಗಿಯ ಮೇಲೆ ಹೊಲಿಗೆ ಗೆರೆ ಬೆಳ್ಳಗೆ ಉಳಿಯುತ್ತದೆ, ಕೆಲವರು ಅದನ್ನೇ ಇಷ್ಟಪಡುತ್ತಾರೆ. ಪುಡಿ ಅಳೆಯುವಾಗ ಮಾಸ್ಕ್, ಕೈಗವಸು ಕಡ್ಡಾಯ. ಆ ಪಾತ್ರೆ ಮತ್ತೆ ಅಡುಗೆಮನೆಗೆ ಹೋಗಬಾರದು. ಕಪ್ಪು ಬಟ್ಟೆಯನ್ನು ಒಳಮೈ ಹೊರಗೆ ಮಾಡಿ ತಣ್ಣೀರಿನಲ್ಲಿ ಒಗೆದು ನೆರಳಲ್ಲಿ ಒಣಗಿಸಿ. ನಮ್ಮ ಬಿಸಿಲು ಯಾವ ಕಪ್ಪನ್ನೂ ಉಳಿಸುವುದಿಲ್ಲ.

ಕೂದಲು ನಿಲ್ಲಿಸುವುದರಲ್ಲಿ ನಮ್ಮವರು ಸೋಲುವುದು ಎಣ್ಣೆಯಿಂದ. ಎಣ್ಣೆ ಹಚ್ಚಿದ ಕೂದಲು ನಿಲ್ಲುವುದಿಲ್ಲ, ಆಗಷ್ಟೇ ತೊಳೆದ ಕೂದಲೂ ಜಾರುತ್ತದೆ. ತೊಳೆದ ಮರುದಿನದ ಒಣ ಕೂದಲು ಸರಿ. ಎರಡು ಬೆರಳಗಲದ ಎಳೆ ತೆಗೆದು ನೇರ ಮೇಲಕ್ಕೆ ಹಿಡಿದು, ಬುಡಕ್ಕೆ ಹೇರ್‌ಸ್ಪ್ರೇ ಹೊಡೆದು, ಬುಡದಿಂದ ನಾಲ್ಕೈದು ಸೆಂಟಿಮೀಟರ್ ಮೇಲಿನಿಂದ ಸಣ್ಣ ಹಲ್ಲಿನ ಬಾಚಣಿಗೆಯನ್ನು ಕೆಳಕ್ಕೆ ದಬ್ಬಬೇಕು. ನಾಲ್ಕಾರು ಸಲ ಸಾಕು, ತುದಿವರೆಗೆ ಕೆದರಿದರೆ ಬಿಡಿಸಲಾಗದ ಗಂಟು. ರಾತ್ರಿ ಹಾಗೇ ಮಲಗಬೇಡಿ. ಒದ್ದೆ ಮಾಡಿ ಕಂಡಿಷನರ್ ಸುರಿದು ತುದಿಯಿಂದ ಬುಡದತ್ತ ಸಿಕ್ಕು ಬಿಡಿಸಿ.

ಮುಖಕ್ಕೆ ಬಿಳಿ ಬಳಿಯಬೇಕೇ ಎಂಬುದು ಹಳೆಯ ಚರ್ಚೆ. ಕಂದು ಮೈಬಣ್ಣದ ಮೇಲೆ ಬಿಳಿ ಫೌಂಡೇಶನ್ ಬೂದಿ ಬಳಿದಂತೆ ಕಾಣುತ್ತದೆ, ಬೆವರಿದರೆ ಬಿರುಕು ಬಿಡುತ್ತದೆ. ಅದಕ್ಕಿಂತ ಮುಖ್ಯವಾಗಿ, ಬೆಳ್ಳಗಾಗುವ ಕ್ರೀಮಿನ ಜಾಹೀರಾತು ನೋಡುತ್ತಲೇ ಬೆಳೆದ ನಾಡಿನಲ್ಲಿ ಬಿಳಿ ಮುಖ ಯಾವ ಬಂಡಾಯವೂ ಅಲ್ಲ. ಸ್ವಂತ ಬಣ್ಣ ಬಿಟ್ಟು ಕಣ್ಣು, ತುಟಿಗಷ್ಟೇ ಕಪ್ಪು ಅಥವಾ ನೇರಳೆ ಹಚ್ಚಿದರೆ ಸಾಕು. ಕಾಡಿಗೆ ಕರಗಿ ಇಳಿಯುತ್ತದೆಂದಾದರೆ ಅದರ ಮೇಲೆ ಕಪ್ಪು ಐಶ್ಯಾಡೋ ಪುಡಿ ಒತ್ತಿ. ಬಿಳಿ, ಕೆಂಪು ಕಾಂಟ್ಯಾಕ್ಟ್ ಲೆನ್ಸ್‌ಗಳನ್ನು ಮಾತ್ರ ಆನ್‌ಲೈನಿನಲ್ಲಿ ತರಿಸಿ ಹಾಕಬೇಡಿ. ಅಳತೆ ಹೊಂದದ ಲೆನ್ಸ್ ಕಾರ್ನಿಯಾವನ್ನು ಗೀಚುತ್ತದೆ, ನಲ್ಲಿನೀರಿನಲ್ಲಿ ತೊಳೆದರಂತೂ ಕಣ್ಣು ಕಳೆದುಕೊಳ್ಳುವಷ್ಟು ಸೋಂಕು ತಗಲಬಹುದು. ಕಣ್ಣಿನ ವೈದ್ಯರ ಹತ್ತಿರ ಅಳತೆ ಮಾಡಿಸಿಯೇ ಕೊಳ್ಳಿ.

ನೋಡುವವರ ಭಯ

ಗೋಥ್ ಗಂಡಸರು ತುಟಿಗೆ ಬಣ್ಣ ಹಚ್ಚಿದರೆ, ಲಂಗ ತೊಟ್ಟರೆ ಆ ವಲಯದೊಳಗೆ ಯಾರೂ ಹುಬ್ಬೇರಿಸುವುದಿಲ್ಲ. ಹೊರಗಿನವರ ಪ್ರತಿಕ್ರಿಯೆ ಅಷ್ಟು ಸರಳವಲ್ಲ. 1999ರಲ್ಲಿ ಅಮೆರಿಕದ ಕೊಲಂಬೈನ್ ಶಾಲೆಯಲ್ಲಿ ಗುಂಡು ಹಾರಿಸಿದವರನ್ನು ಮಾಧ್ಯಮಗಳು ಅವಸರದಲ್ಲಿ ಗೋಥ್ ಎಂದು ಕರೆದವು. ಅದು ಸುಳ್ಳೆಂದು ಗೊತ್ತಾಗುವ ಹೊತ್ತಿಗೆ ಎಷ್ಟೋ ಶಾಲೆಗಳಲ್ಲಿ ಕಪ್ಪು ಕೋಟಿನ ಮಕ್ಕಳು ಅನುಮಾನಕ್ಕೆ ಗುರಿಯಾಗಿದ್ದರು. ವಾಸ್ತವದಲ್ಲಿ ಏಟು ತಿನ್ನುವವರೇ ಇವರು. 2007ರ ಆಗಸ್ಟಿನಲ್ಲಿ ಲ್ಯಾಂಕಶೈರ್‌ನ ಬೇಕಪ್ ಊರಿನ ಉದ್ಯಾನದಲ್ಲಿ 20 ವರ್ಷದ ಸೋಫಿ ಲ್ಯಾಂಕಾಸ್ಟರ್ ಮತ್ತು ಆಕೆಯ ಗೆಳೆಯನನ್ನು ಹದಿಹರೆಯದವರ ಗುಂಪೊಂದು ಹೊಡೆದು ಕೆಡವಿತು. ಗೋಥ್ ಉಡುಪಿನ ಹೊರತು ಬೇರೆ ಕಾರಣವಿರಲಿಲ್ಲ. ಸೋಫಿ ಕೆಲವೇ ದಿನಗಳಲ್ಲಿ ತೀರಿಕೊಂಡಳು. ಆಕೆಯ ಹೆಸರಿನ ಪ್ರತಿಷ್ಠಾನ ಪಟ್ಟುಬಿಡದೆ ದುಡಿದಿದ್ದರ ಫಲವಾಗಿ 2013ರ ಏಪ್ರಿಲಿನಲ್ಲಿ ಗ್ರೇಟರ್ ಮ್ಯಾಂಚೆಸ್ಟರ್ ಪೊಲೀಸರು ಇಂಥ ಉಪಸಂಸ್ಕೃತಿಯವರ ಮೇಲಿನ ಹಲ್ಲೆಯನ್ನು ದ್ವೇಷ ಅಪರಾಧವೆಂದು ದಾಖಲಿಸಲು ಆರಂಭಿಸಿದರು. ಇದು ಪೊಲೀಸರು ದಾಖಲಿಸುವ ಕ್ರಮ. ಜನಾಂಗ, ಧರ್ಮದಂತೆ ಕಾನೂನಿನ ಪಟ್ಟಿಯಲ್ಲಿ ಸೇರಿದ ವರ್ಗವಲ್ಲ.

ಹೆತ್ತವರಿಗೆ ನಿಜವಾಗಿ ಬೇಕಾದ ಮಾಹಿತಿ ಇನ್ನೊಂದಿದೆ. ‘ಲ್ಯಾನ್ಸೆಟ್ ಸೈಕಿಯಾಟ್ರಿ’ ಪತ್ರಿಕೆಯಲ್ಲಿ 2015ರಲ್ಲಿ ಬಂದ ಅಧ್ಯಯನ ಬ್ರಿಸ್ಟಲ್ ಸುತ್ತಲಿನ 3,694 ಮಕ್ಕಳನ್ನು ಗಮನಿಸಿತ್ತು. 15ನೇ ವಯಸ್ಸಿನಲ್ಲಿ ತಾವು ಗಾಢವಾಗಿ ಗೋಥ್ ಎಂದುಕೊಂಡವರಲ್ಲಿ 18ರ ಹೊತ್ತಿಗೆ ಖಿನ್ನತೆ, ಹಾಗೆ ಎಂದುಕೊಳ್ಳದವರಿಗಿಂತ ಮೂರು ಪಟ್ಟು ಹೆಚ್ಚಿತ್ತು. ಮೊದಲೇ ಇದ್ದ ಖಿನ್ನತೆ, ಶಾಲೆಯಲ್ಲಿನ ಪೀಡನೆ ಇವನ್ನು ಲೆಕ್ಕಕ್ಕೆ ಹಿಡಿದ ಮೇಲೂ ನಂಟು ಪೂರ್ತಿ ಅಳಿಯಲಿಲ್ಲ. ಆದರೆ ಗೋಥ್ ಆದದ್ದೇ ಕಾರಣವೆಂದು ಇದರಿಂದ ಹೇಳಲಾಗದು ಎಂದು ಸಂಶೋಧಕರೇ ಸ್ಪಷ್ಟಪಡಿಸಿದ್ದರು. ಒಳಗೊಳಗೇ ಕೊರಗುವ ಮಕ್ಕಳು ತಮ್ಮನ್ನು ಹೊರಹಾಕದ ಗುಂಪನ್ನು ಹುಡುಕಿಕೊಂಡು ಬರುವುದೂ ಉಂಟು. ಹಾಗಾಗಿ ಕಪ್ಪು ಬಟ್ಟೆಯನ್ನು ಬೀರುವಿನಿಂದ ಎತ್ತಿ ಬಿಸಾಡಿದರೆ ಆ ಮಗುವಿಗಿದ್ದ ಒಂದೇ ಆಸರೆ ಹೋಗಬಹುದು. ನೋಡಬೇಕಾದದ್ದು ನಿದ್ದೆ, ಊಟ, ಶಾಲೆ, ಗೆಳೆಯರಿಂದ ದೂರ ಸರಿಯುವುದು, ಬದುಕು ಬೇಡವೆಂಬ ಮಾತು. ಇವುಗಳಲ್ಲಿ ಏರುಪೇರು ಕಂಡರೆ ನಿಮ್ಹಾನ್ಸ್ ಕೇಂದ್ರವಾಗಿ ದೇಶದೆಲ್ಲೆಡೆ ನಡೆಯುವ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಇದೆಲ್ಲ ಹರೆಯದ ಹುಚ್ಚು, ತಾನಾಗಿ ಬಿಟ್ಟುಹೋಗುತ್ತದೆ ಎಂದು ಸಮಾಧಾನ ಹೇಳುವವರಿದ್ದಾರೆ. ಕೆಲವರಿಗೆ ಬಿಟ್ಟೂ ಹೋಗುತ್ತದೆ. ಆದರೆ 1959ರಲ್ಲಿ ಹುಟ್ಟಿದ, ದ ಕ್ಯೂರ್ ತಂಡದ ಗಾಯಕ ರಾಬರ್ಟ್ ಸ್ಮಿತ್ ಅದೇ ಕೆದರಿದ ಕೂದಲು, ಅದೇ ಮೆತ್ತಿದ ಲಿಪ್‌ಸ್ಟಿಕ್‌ನಲ್ಲಿ 2024ರ ನವೆಂಬರ್ 1ರಂದು ಹೊರತಂದ ತಂಡದ ಆಲ್ಬಮ್ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿತು. ತಂಡದ ಹಿಂದಿನ ಆಲ್ಬಮ್ ಬಂದ ಹದಿನಾರು ವರ್ಷಗಳ ನಂತರ ಬಂದ ಇದರ ವಸ್ತು ಮುಪ್ಪು ಮತ್ತು ಹತ್ತಿರದವರ ಸಾವು.

ಬೆಂಗಳೂರಿನಲ್ಲಿ ಈ ಸಂಗೀತಕ್ಕೆ ಕಿವಿ ಕೊಡುವವರು ಚದುರಿಕೊಂಡಿದ್ದಾರೆ, ಹೆಚ್ಚಿನವರು ಮೆಟಲ್ ಕಾರ್ಯಕ್ರಮಗಳ ಅಂಚಿನಲ್ಲಿ ಸಿಗುತ್ತಾರೆ. ಒಂದು ಸಂಜೆ ನಡೆಸುವ ಮನಸ್ಸಿದ್ದರೆ ಮೂರು ಗಂಟೆಗಳ ಕಾರ್ಯಕ್ರಮಕ್ಕೆ ನಲವತ್ತು ಹಾಡು ಸಾಕು, ಐವತ್ತು ಇಟ್ಟುಕೊಳ್ಳಿ. ಮೊದಲ ಗಂಟೆ ನಿಧಾನದವು, ಜನ ಸೇರಿದ ಮೇಲೆ ಕುಣಿಸುವವು. ನೆಲ ಖಾಲಿಯಾಯಿತೆಂದು ಗಾಬರಿಯಾಗಿ ನಡುವೆ ಮೆಟಲ್ ಹಾಕಿದರೆ ಆ ಸಂಜೆ ಅಲ್ಲಿಗೆ ಮುಗಿಯಿತು, ಆಮೇಲೆ ಬರುವ ಬೇಡಿಕೆಯೆಲ್ಲ ಅದಕ್ಕೇ. ಉಡುಪಿನ ಕಟ್ಟುಪಾಡು ಬೇಡ. ಆಫೀಸಿನಿಂದ ನೇರ ಬಂದವರು ನೀಲಿ ಅಂಗಿಯಲ್ಲೇ ಇರಲಿ. ಹ್ಯಾಲೋವೀನ್ ದಿನ ನಡೆಸಲೇಬೇಡಿ, ವೇಷದವರು ತುಂಬಿ ಕೇಳುಗರು ಮೂಲೆಗೆ ಸರಿಯುತ್ತಾರೆ. ತಿಂಗಳ ಒಂದೇ ವಾರ, ಒಂದೇ ಜಾಗ ಹಿಡಿದು, ಹತ್ತೇ ಜನ ಬಂದರೂ ಮುಂದಿನ ತಿಂಗಳ ದಿನಾಂಕವನ್ನು ಅಂದೇ ಹೇಳಿಬಿಡಿ. ಧ್ವನಿಮುದ್ರಿತ ಹಾಡು ಸಾರ್ವಜನಿಕವಾಗಿ ನುಡಿಸಲು ಹಾಡಿನ ಹಕ್ಕುದಾರರ ಪರ ಕೆಲಸ ಮಾಡುವ ಪಿಪಿಎಲ್, ಐಪಿಆರ್‌ಎಸ್ ಸಂಸ್ಥೆಗಳ ಪರವಾನಗಿ ಜಾಗದ ಮಾಲೀಕರ ಬಳಿ ಇದೆಯೇ ಎಂದು ಮುಂಗಡ ಕೊಡುವ ಮೊದಲೇ ಕೇಳಿ. ತಾರಸಿಯೋ ಅಂಗಳವೋ ಆದರೆ ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಲೇಬೇಕು. ಹಾಗಾಗಿ ಸಂಜೆ ಆರೂವರೆಗೇ ಶುರುಮಾಡಿ.